ವಿದ್ಯಾರ್ಥಿಗಳ ದಿನಚರಿ ಮತ್ತು ನಮ್ಮ ಮನೆಗಳು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಎದ್ದು ನಿಂತು ಎರಡು ಮಾತು ಕೇಳಿದ್ದು ಬಿಟ್ಟರೆ ಮೈಕಿನ ಮುಂದೆ ನಿಂತವನಲ್ಲ. ಆಡಳಿತ ಮಂಡಳಿ ಸಭೆಯಲ್ಲಿ ಅಧ್ಯಕ್ಷರು "ಮಕ್ಕಳು ನೆಮ್ಮದಿಯಿಂದ ಓದೋದು ಹೇಗೆ ಅಂತ ಯಾರಾದರೂ ನಾಲ್ಕು ಮಾತು ಹೇಳಬೇಕು, ನೀನೇ ಹೇಳು, ನಿನಗೆ ಅನುಭವ ಇದೆ" ಅಂದರು. ಉಳಿದ ನಿರ್ದೇಶಕರು ನಕ್ಕರು. ನನ್ನ ಅನುಭವ ಎಂಥದ್ದು ಅಂತ ಊರಿಗೆಲ್ಲ ಗೊತ್ತಿರೋದರಿಂದ ನಕ್ಕರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬೇಸಾಯಕ್ಕೆ ನಿಂತವನು. ಪುಸ್ತಕ ಓದಿ ಬಂದ ತಿಳಿವಳಿಕೆ ನನ್ನ ಹತ್ತಿರ ಕಡಿಮೆ. ಮನೆಯಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಮಾತ್ರ ಹೇಳಬಲ್ಲೆ.

ನನ್ನ ದೊಡ್ಡ ಮಗ 2023ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಗಣಿತದಲ್ಲಿ ಹೋದ. ಇದನ್ನು ಸಭೆಯಲ್ಲಿ ಹೇಳಬಹುದಾ ಅಂತ ಅವನನ್ನು ಕೇಳಿಯೇ ಹೇಳ್ತಿದ್ದೀನಿ. "ಹೇಳಪ್ಪ, ಅದರಲ್ಲೇನಿದೆ" ಅಂದ. ಅವನು ದಡ್ಡನಲ್ಲ. ಏಳನೇ ಕ್ಲಾಸಿನವರೆಗೂ ಡೈರಿ ಪಾಸ್‌ಪುಸ್ತಕದ ಲೆಕ್ಕ ಅವನೇ ಕೂಡಿ ಹೇಳುತ್ತಿದ್ದ. ಲೀಟರಿಗೆ ಇಷ್ಟು, ಫ್ಯಾಟಿಗೆ ಇಷ್ಟು, ಹಿಂಡಿ ಬಾಬತ್ತು ಇಷ್ಟು ಮುರಿದರೆ ಬಟವಾಡೆ ಎಷ್ಟು ಬರುತ್ತೆ ಅಂತ ಬಾಯಲ್ಲೇ ಹೇಳುತ್ತಿದ್ದ. ಅಂಥವನು ಗಣಿತದಲ್ಲಿ ಹೋದ.

ಫಲಿತಾಂಶದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮನೆಯಿಂದ ಹೋದವನು ಸಂಜೆ ಹಾಲು ಹಾಕೋ ಹೊತ್ತಾದರೂ ಬರಲಿಲ್ಲ. ಫೋನು ಮನೆಯಲ್ಲೇ ಇತ್ತು. ಸ್ನೇಹಿತರ ಮನೆಗಳಲ್ಲಿ ಕೇಳಿದೆವು, ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿದೆವು, ಕೆರೆ ಏರಿಗೂ ಹೋದೆವು. ಕೆರೆ ಏರಿ ಮೇಲೆ ನಡೆಯುವಾಗ ನನ್ನ ಕಾಲಲ್ಲಿ ಶಕ್ತಿ ಇರಲಿಲ್ಲ, ಅದನ್ನು ಇವತ್ತು ನೆನೆಸಿಕೊಂಡರೂ ಮೈ ನಡುಗುತ್ತೆ. ಕೊನೆಗೆ ಸಿಕ್ಕಿದ್ದು ನಮ್ಮ ತೋಟದ ಮೋಟರ್ ಮನೆಯಲ್ಲಿ. ಕತ್ತಲಲ್ಲಿ ಸ್ಟಾರ್ಟರ್ ಡಬ್ಬದ ಕೆಳಗೆ ಮೊಣಕಾಲು ಮಡಚಿಕೊಂಡು ಕೂತಿದ್ದ. ನಾನು ಬೈಯಲಿಲ್ಲ, ಬೈಯೋ ಶಕ್ತಿಯೂ ಇರಲಿಲ್ಲ. ಅವನೇ ಹೇಳಿದ: "ಓದಿದ್ದೆ ಕಣಪ್ಪ. ಅಲ್ಲಿ ಹೋಗಿ ಕೂತ ಮೇಲೆ ಏನೂ ಬರಲೇ ಇಲ್ಲ."

ಮನೆಗೆ ಬಂದ ಮೇಲೆ ನಮ್ಮ ಮನೆಯವರು ಒಂದು ಮಾತು ಅಂದರು. "ಹಸೂಗೆ ಹೊತ್ತಿಗೆ ಸರಿಯಾಗಿ ಹಿಂಡಿ ಇಡ್ತೀರಿ, ಹೊತ್ತಿಗೆ ಸರಿಯಾಗಿ ಕರೀತೀರಿ. ಆ ಮಗೂನ ಮಾತ್ರ ಸರಿರಾತ್ರೀಲಿ ಎಬ್ಬಿಸ್ತೀರಿ."

ವಿಷಯ ಏನು ಅಂತ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿಯ ವಾರದಲ್ಲಿ ನಾನು ಅವನನ್ನು ಒಂದು ಗಂಟೆಗೋ ಎರಡು ಗಂಟೆಗೋ ಎಬ್ಬಿಸಿ ಮೋಟರು ಹಾಕೋಕೆ ಕಳಿಸುತ್ತಿದ್ದೆ. ನನಗೆ ಸೊಂಟನೋವು, ಅವನು ಹುಡುಗ, ಹೋಗಿ ಬರ್ತಾನೆ ಅಂತ ನನ್ನ ಎಣಿಕೆ. ಬಂದು ಮಲಗೋ ಹೊತ್ತಿಗೆ ಎರಡೂವರೆ. ಮತ್ತೆ ಐದಕ್ಕೆ ಎಬ್ಬಿಸಿ "ಓದ್ಕೋ, ಬೆಳಗಿನ ಜಾವ ಓದಿದರೆ ತಲೆಗೆ ಹತ್ತುತ್ತೆ" ಅನ್ನುತ್ತಿದ್ದೆ. ಅವನು ಪುಸ್ತಕದ ಮುಂದೆ ಕೂತು ತೂಕಡಿಸುತ್ತಿದ್ದ. ಸೋಮಾರಿ ಅಂತ ಬೈಯುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಇನ್ನೊಂದು ಶುರುವಾಯಿತು. ಅವನೇ ಹೆದರಿಕೊಂಡು ರಾತ್ರಿ ಹನ್ನೆರಡು ಒಂದರವರೆಗೆ ಟೀ ಕುಡಿದು ಕೂರೋನು. ನನಗೆ ಸಂತೋಷವೋ ಸಂತೋಷ, ಮಗನಿಗೆ ಜವಾಬ್ದಾರಿ ಬಂತು ಅಂತ! ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ಅವನು ಮಲಗಿದ್ದು ಎರಡೇ ಗಂಟೆ.

ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಹೇಳಿದರು, ಹದಿಮೂರರಿಂದ ಹದಿನೆಂಟು ವಯಸ್ಸಿನ ಮಕ್ಕಳಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅಂತ. ನಮ್ಮಂಥ ದೊಡ್ಡವರಿಗಿಂತ ಹೆಚ್ಚು. ಹಗಲು ಓದಿದ್ದು ತಲೆಯಲ್ಲಿ ನೆಲೆಯಾಗಿ ನಿಲ್ಲೋದು ನಿದ್ದೆಯಲ್ಲೇ ಅಂತೆ. ನಿದ್ದೆ ಕೆಟ್ಟು ಓದೋದು ಅಂದರೆ ಕ್ಯಾನಿನ ತಳದಲ್ಲಿ ತೂತು ಇಟ್ಟುಕೊಂಡು ಹಾಲು ಹುಯ್ದ ಹಾಗೆ. ಇಷ್ಟು ದಿನ ನಾನು ಆ ತೂತು ಕೊರೀತಾ ಕೂತಿದ್ದೆ.

ಇಲ್ಲಿ ಕೂತಿರುವ ಎಲ್ಲರೂ ಹಸು ಎಮ್ಮೆ ಕಟ್ಟಿದವರು. ಸೀಮೆಹಸುವನ್ನು ಕರೆಯೋಕೆ ಕೂತಾಗ ಪಕ್ಕದಲ್ಲಿ ಯಾರೋ ಕೂಗಾಡಿದರೆ, ನಾಯಿ ನುಗ್ಗಿದರೆ, ಹೊಸಬರು ಬಂದು ನಿಂತರೆ ಏನಾಗುತ್ತೆ? ಕೆಚ್ಚಲು ತುಂಬಿರುತ್ತೆ, ಹಾಲು ಇಳಿಸೋದಿಲ್ಲ. ಪಶುವೈದ್ಯರು ಇದಕ್ಕೆ ಕಾರಣ ಹೇಳ್ತಾರೆ. ಹಸು ನೆಮ್ಮದಿಯಾಗಿದ್ದಾಗ ಒಂದು ರಸ ರಕ್ತಕ್ಕೆ ಸೇರಿ ಹಾಲು ಇಳಿಯುತ್ತೆ, ಬೆದರಿದಾಗ ಇನ್ನೊಂದು ರಸ ಬಂದು ಅದನ್ನು ತಡೆಯುತ್ತೆ. ಬೆದರಿದ ಹಸುವನ್ನು ಹೊಡೆದರೆ ಇನ್ನೂ ಬಿಗಿ ಹಿಡಿಯುತ್ತೆ, ಒದೆಯುತ್ತೆ. ಇದು ಗೊತ್ತಿದ್ದೂ ನಾವು ಮಕ್ಕಳ ವಿಷಯದಲ್ಲಿ ಹೊಡೆಯೋದನ್ನೇ ಮಾಡ್ತೀವಿ. ನನ್ನ ಮಗನ ತಲೆಯಲ್ಲಿ ಓದಿದ್ದು ಇತ್ತು, ಬೆದರಿಕೊಂಡಿದ್ದಕ್ಕೆ ಇಳಿಯಲಿಲ್ಲ. ಹಾಗಂತ ಓದದೇ ಇರೋರಿಗೂ ಈ ಮಾತು ಅನ್ವಯ ಅಂತ ತಿಳ್ಕೋಬೇಡಿ ಮಕ್ಕಳೇ. ಕೆಚ್ಚಲಲ್ಲಿ ಇಲ್ಲದ್ದು ನೆಮ್ಮದಿಯಾಗಿದ್ದರೂ ಇಳಿಯೋದಿಲ್ಲ.

ಜೂನ್ ತಿಂಗಳಲ್ಲಿ ಪೂರಕ ಪರೀಕ್ಷೆ ಇತ್ತು. ಮಧ್ಯೆ ಒಂದು ತಿಂಗಳಷ್ಟು ಸಮಯ. ಟ್ಯೂಷನ್ನಿಗೆ ಹಾಕೋಣ ಅಂದುಕೊಂಡೆ. ಹೈಸ್ಕೂಲಿನ ಗಣಿತದ ಮೇಷ್ಟ್ರು, ಅವರು ಇಲ್ಲೇ ಕೂತಿದ್ದಾರೆ, "ಟ್ಯೂಷನ್ ಬೇಡ ಗೌಡರೇ, ಮೊದಲು ಮನೆಯಲ್ಲಿ ಒಂದು ಹೊತ್ತು ಗೊತ್ತು ಮಾಡಿ" ಅಂದರು. ಅವತ್ತು ಆ ಮಾತು ನನಗೆ ಅಷ್ಟು ಹಿಡಿಸಲಿಲ್ಲ. ದುಡ್ಡು ಖರ್ಚು ಮಾಡಿದರೆ ಕೆಲಸ ಆದ ಹಾಗೆ ಅನ್ನೋ ಬುದ್ಧಿ ನಮಗೆ. ಆದರೂ ಅವರು ಹೇಳಿದಂತೆ ಮಾಡಿದೆವು.

ಮೊದಲನೆಯದು, ರಾತ್ರಿ ಒಂಬತ್ತೂವರೆಗೆ ದೀಪ ಆರಬೇಕು, ಬೆಳಿಗ್ಗೆ ಐದೂವರೆಗೆ ಏಳಬೇಕು. ಭಾನುವಾರವೂ ಅದೇ. ಮೋಟರಿಗೆ ನಾನೇ ಹೋಗೋದು ಅಂತಾಯಿತು. ಸೊಂಟನೋವು ಇತ್ತು ಅಂದೆನಲ್ಲ, ಕೆಲವು ದಿನ ಬೆಳೆಗೆ ನೀರು ತಪ್ಪಿತು, ತಪ್ಪಲಿ ಅಂತ ಬಿಟ್ಟೆ. ಆಮೇಲೆ ಫೋನಿನಿಂದಲೇ ಮೋಟರು ಚಾಲೂ ಮಾಡೋ ಸ್ಟಾರ್ಟರ್ ಹಾಕಿಸಿದೆ. ಈಗ ನಮ್ಮೂರಲ್ಲಿ ಎಷ್ಟೋ ಜನ ಹಾಕಿಸಿದ್ದೀರಿ. ಹಾಕಿಸದೆ ಇರೋರು, ಮನೆಯಲ್ಲಿ ಹತ್ತನೇ ಕ್ಲಾಸಿನ ಹುಡುಗ ಇದ್ದರೆ, ಬೈಕಿನ ಕಂತು ಒಂದು ವರ್ಷ ಮುಂದಕ್ಕೆ ಹಾಕಿಯಾದರೂ ಹಾಕಿಸಿ.

ಎರಡನೆಯದು, ಓದೋದಕ್ಕೆ ಒಂದು ಜಾಗ. ನಮ್ಮದು ಹಳೇ ತೊಟ್ಟಿಮನೆ, ಬೇರೆ ಕೋಣೆ ಎಲ್ಲಿಂದ ಬರಬೇಕು? ಪಡಸಾಲೆಯ ಕಿಟಕಿ ಪಕ್ಕ ಒಂದು ಚಾಪೆ, ಒಂದು ಮಣೆ ಇಟ್ಟೆವು. ಅಲ್ಲಿ ಕೂತಾಗ ಯಾರೂ ಕರೆಯೋ ಹಾಗಿಲ್ಲ. ದಿನಾ ಅದೇ ಜಾಗ, ಅದೇ ಹೊತ್ತು. ನಲವತ್ತು ನಿಮಿಷ ಓದೋದು, ಹತ್ತು ನಿಮಿಷ ಎದ್ದು ಓಡಾಡೋದು, ನೀರು ಕುಡಿಯೋದು, ಮತ್ತೆ ಕೂರೋದು. ಹೊತ್ತಿಗೆ ಸರಿಯಾಗಿ ಕಟ್ಟೋ ಹಸು ಆ ಹೊತ್ತಿಗೆ ತಾನೇ ಬಂದು ಗೂಟದ ಹತ್ತಿರ ನಿಲ್ಲುತ್ತೆ. ಹತ್ತು ಹನ್ನೆರಡು ದಿನ ಆದ ಮೇಲೆ ನಾವು ಹೇಳೋದೇ ಬೇಕಾಗಲಿಲ್ಲ, ಹುಡುಗ ತಾನೇ ಹೋಗಿ ಕೂರುತ್ತಿದ್ದ. ಅಲ್ಲೀವರೆಗೆ ದಿನಾ ಬೆಳಿಗ್ಗೆ "ಓದು, ಓದು" ಅಂತ ನಾನು, "ಓದ್ತೀನಿ" ಅಂತ ಅವನು, ಅರ್ಧ ಸಮಯ ಈ ಜಗಳದಲ್ಲೇ ಹೋಗುತ್ತಿತ್ತು.

ಮೂರನೆಯದು ಮೇಷ್ಟ್ರು ಹೇಳಿಕೊಟ್ಟ ವಿಷಯ, ನನಗೆ ಬಹಳ ಹಿಡಿಸಿದ್ದು ಇದೇ. ಜರ್ಮನಿಯಲ್ಲಿ ಎಬ್ಬಿಂಗ್‌ಹೌಸ್ ಅಂತ ಒಬ್ಬ ವಿದ್ವಾಂಸ ಇದ್ದನಂತೆ. ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಮಾಡಿಕೊಂಡು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪುಸ್ತಕ ಬರೆದ. ಅವನ ಲೆಕ್ಕದಲ್ಲಿ ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಮರೆತುಹೋಗುತ್ತಿತ್ತು. ಆದರೆ ಮತ್ತೆ ಮತ್ತೆ ನೆನಪಿಗೆ ತಂದುಕೊಂಡರೆ ಮರೆಯೋದು ಕಡಿಮೆಯಾಗುತ್ತಾ ಹೋಗುತ್ತೆ. ಹಾಗಾಗಿ "ನಿನ್ನೆ ಓದಿದ್ದು ಇವತ್ತು ಮರೆತೆ, ನಾನು ದಡ್ಡ" ಅಂತ ಅಳಬೇಡಿ ಮಕ್ಕಳೇ. ಮರೆಯೋದು ಎಲ್ಲರ ತಲೆಯ ಸ್ವಭಾವ. ನಮ್ಮ ಹಿರಿಯರು ಮೆಲುಕು ಹಾಕೋದು ಅಂತ ಸುಮ್ಮನೆ ಹೇಳಲಿಲ್ಲ. ಹಸು ಗಬಗಬ ಮೇದುಬಿಡುತ್ತೆ, ಆಮೇಲೆ ನೆರಳಲ್ಲಿ ಮಲಗಿ ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತೆ. ಮೆಲುಕು ನಿಲ್ಲಿಸಿದರೆ ಹಸುವಿಗೆ ಕಾಯಿಲೆ ಅಂತ ತಿಳಿದು ಡಾಕ್ಟರಿಗೆ ಫೋನು ಮಾಡ್ತೀವಿ. ನಮ್ಮ ಮಕ್ಕಳು ಮೇಯ್ತಾನೇ ಇರ್ತಾರೆ, ಮೆಲುಕು ಹಾಕೋದಿಲ್ಲ. ಒಂದೇ ಪಾಠವನ್ನು ಹತ್ತು ಸಲ ಓದಿ ಗೆರೆ ಎಳೆದರೆ ಬಂದ ಹಾಗೆ ಕಾಣುತ್ತೆ, ಬಂದಿರೋದಿಲ್ಲ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ಹಾಳೆಯಲ್ಲಿ ನೆನಪಿದ್ದಷ್ಟು ಬರೀಬೇಕು. ಆಮೇಲೆ ತೆಗೆದು ನೋಡಬೇಕು ಏನು ಬಿಟ್ಟೆ ಅಂತ. ಮಾರನೇ ದಿನ ಒಂದು ಸಲ, ವಾರ ಬಿಟ್ಟು ಒಂದು ಸಲ. ನನ್ನ ಮಗ ಡೈರಿಯ ಹಳೇ ರಸೀದಿಗಳ ಹಿಂಭಾಗದಲ್ಲಿ ಲೆಕ್ಕ ಮಾಡಿದ್ದಾನೆ. ಕಾರ್ಯದರ್ಶಿಗಳು ಒಂದು ಕಟ್ಟು ಕೊಟ್ಟಿದ್ದರು. ಆಡಿಟ್ ಆದ ಹಳೇ ರಸೀದಿಗಳೇ ಸ್ವಾಮಿ, ಒಕ್ಕೂಟದ ಅಧಿಕಾರಿಗಳು ಗಾಬರಿಯಾಗಬೇಡಿ.

ಫೋನಿನ ವಿಷಯ ಎಲ್ಲರೂ ಹೇಳ್ತಾರೆ, ನಾನು ಉದ್ದ ಹೇಳೋದಿಲ್ಲ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಪಾಠ ಕೇಳಲಿ ಅಂತ ನಾವೇ ಸಾಲ ಮಾಡಿ ಕೊಡಿಸಿದ್ದು. ಈಗ ಕಿತ್ತುಕೊಂಡರೆ ಜಗಳ. ನಮ್ಮ ಮನೆಯಲ್ಲಿ ದೇವರ ಕೋಣೆಯ ಹೊರಗೆ ಒಂದು ಗೂಡು ಇದೆ. ಸಂಜೆ ಏಳರಿಂದ ಒಂಬತ್ತರವರೆಗೆ ಮನೆಯ ಎಲ್ಲರ ಫೋನೂ ಅಲ್ಲಿ. ನನ್ನದೂ ಸೇರಿ. ಮೊದಲ ವಾರ ನನಗೇ ಕಷ್ಟವಾಯಿತು. ಅಪ್ಪ ಜಗಲಿ ಮೇಲೆ ಕೂತು ವಿಡಿಯೋ ನೋಡ್ತಾ ನಗುತ್ತಿದ್ದರೆ ಒಳಗೆ ಮಗಳು ಪೈಥಾಗೊರಸ್ ಪ್ರಮೇಯ ಓದೋದು ಹೇಗೆ?

ಇನ್ನು ಊಟ. ಈ ಮಾತು ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಸರ್ಕಾರ 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಅಂತ ಶಾಲೆ ಮಕ್ಕಳಿಗೆ ಹಾಲು ಕೊಡೋಕೆ ಶುರು ಮಾಡಿತು. ನಮ್ಮಂಥ ಸಂಘಗಳ ಹಾಲೇ ಪುಡಿಯಾಗಿ ಶಾಲೆಗೆ ಹೋಗಿ ಮತ್ತೆ ಹಾಲಾಗಿ ನಮ್ಮ ಮಕ್ಕಳ ಲೋಟಕ್ಕೆ ಬರುತ್ತೆ. ಒಳ್ಳೇದೇ. ಆದರೆ ಮನೆಯಲ್ಲಿ ಎರಡು ಸೀಮೆಹಸು ಕರೆದು ಹತ್ತು ಹದಿನೈದು ಲೀಟರ್ ಡೈರಿಗೆ ಹಾಕಿ, ಓದೋ ಮಗುವಿಗೆ ಬರೀ ಕಪ್ಪು ಟೀ ಕೊಡೋ ಮನೆಗಳು ನಮ್ಮ ಸಂಘದಲ್ಲೇ ಇವೆ. ಮುಂಚೆ ನಮ್ಮ ಮನೆಯೂ ಅದರಲ್ಲಿ ಒಂದು. ಅರ್ಧ ಲೀಟರ್ ಉಳಿಸಿಕೊಂಡರೆ ಬಟವಾಡೆಯಲ್ಲಿ ದೊಡ್ಡ ವ್ಯತ್ಯಾಸವೇನೂ ಆಗೋದಿಲ್ಲ. ನಿರ್ದೇಶಕನಾಗಿ ಸಂಘಕ್ಕೆ ಹಾಲು ಕಡಿಮೆ ಹಾಕಿ ಅಂತ ಹೇಳಬಾರದು, ಆದರೂ ಹೇಳ್ತಿದ್ದೀನಿ. ಪೇಟೆ ಕಾಲೇಜಿಗೆ ಏಳೂವರೆ ಬಸ್ಸಿಗೆ ಓಡೋ ಹೆಣ್ಣುಮಕ್ಕಳು ಹಸಿದ ಹೊಟ್ಟೆಯಲ್ಲಿ ಹೋಗ್ತಾರೆ. ರಾತ್ರಿಯ ಒಂದು ಮುದ್ದೆ ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೋದರೂ ಆಯಿತು, ಹಸಿದು ಮಾತ್ರ ಹೋಗಬಾರದು.

ಮಕ್ಕಳಿಗೆ ಕೆಲಸವನ್ನೇ ಹೇಳಬಾರದು ಅಂತ ನಾನು ಹೇಳ್ತಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಕೊಟ್ಟಿಗೆ ಗುಡಿಸಿ, ಒಂದು ಹೊರೆ ಹುಲ್ಲು ತಂದರೆ ಮೈ ಬಿಸಿಯಾಗುತ್ತೆ, ಮನಸ್ಸು ಹಗುರವಾಗುತ್ತೆ. ಇಡೀ ದಿನ ಕೂತು ಓದೋ ಮಗುವಿಗಿಂತ ಸ್ವಲ್ಪ ಮೈ ಬಗ್ಗಿಸೋ ಮಗು ನೆಮ್ಮದಿಯಾಗಿರುತ್ತೆ, ಇದು ನಾನು ಕಣ್ಣಾರೆ ನೋಡಿದ್ದು. ಆದರೆ ಆ ಕೆಲಸಕ್ಕೂ ಒಂದು ಹೊತ್ತು ಇರಬೇಕು. ಓದುತ್ತಾ ಕೂತವರನ್ನು "ಅಂಗಡಿಗೆ ಹೋಗಿ ಬಾ, ಕರೂನ ಬಿಚ್ಚು, ಅಜ್ಜಿ ಕರೀತಾಳೆ ನೋಡು" ಅಂತ ಗಂಟೆಗೆ ನಾಲ್ಕು ಸಲ ಎಬ್ಬಿಸೋದು ಕೆಲಸವಲ್ಲ, ಕಾಟ.

ಮಲಗೋ ಮುಂಚೆ ಐದು ನಿಮಿಷದ ಒಂದು ಅಭ್ಯಾಸ. ನಾಳೆ ಮಾಡಬೇಕಾದ್ದು ಮೂರೇ ಮೂರು ವಿಷಯ ಒಂದು ಚೀಟಿಯಲ್ಲಿ ಬರೆದಿಡೋದು, ಪುಸ್ತಕದ ಚೀಲ ತುಂಬಿಡೋದು. ಚೀಟಿಯಲ್ಲಿ ಬರೆದ ಮೇಲೆ ತಲೆ ಅದನ್ನು ಹೊತ್ತುಕೊಂಡು ಮಲಗೋದಿಲ್ಲ. ಹತ್ತು ಬರೆದರೆ ಹತ್ತೂ ಆಗೋದಿಲ್ಲ, ಆಮೇಲೆ ಆಗಲಿಲ್ಲ ಅಂತ ಕೊರಗು. ನನ್ನ ಮಗಳು ಈ ವರ್ಷ ಹತ್ತನೇ ಕ್ಲಾಸು, ಅವಳು ಇದನ್ನು ತಪ್ಪದೆ ಮಾಡ್ತಾಳೆ. ಅವಳ ಚೀಟಿಯಲ್ಲಿ ಒಂದು ದಿನ ಮೂರನೆಯದು "ಅಪ್ಪನ ಜೊತೆ ಜಗಳ ಆಡಬಾರದು" ಅಂತ ಇತ್ತು.

ಪರೀಕ್ಷೆ ಕೋಣೆಯಲ್ಲಿ ಎದೆ ಹೊಡೆದುಕೊಂಡರೆ ಏನು ಮಾಡಬೇಕು ಅಂತಲೂ ಮೇಷ್ಟ್ರು ಹೇಳಿಕೊಟ್ಟಿದ್ದರು. ಪ್ರಶ್ನೆಪತ್ರಿಕೆ ಓದೋಕೆ ಅಂತಲೇ 15 ನಿಮಿಷ ಕೊಡ್ತಾರೆ. ಮೊದಲು ಕಣ್ಣು ಮುಚ್ಚಿ ನಿಧಾನವಾಗಿ ಉಸಿರು ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಬೇಕು, ಹೀಗೆ ಹತ್ತು ಸಲ. ಆಮೇಲೆ ಪೂರ್ತಿ ಓದಿ, ಬರೋದನ್ನು ಮೊದಲು ಬರೀಬೇಕು. ಆದರೆ ಉಸಿರಾಟ ಕೂಡ ಅವತ್ತೇ ಮೊದಲ ಸಲ ಮಾಡಿದರೆ ಕೈ ಹಿಡಿಯೋದಿಲ್ಲ. ದಿನಾ ಓದೋಕೆ ಕೂರುವಾಗ ಮಾಡಿ ಅಭ್ಯಾಸವಾಗಿರಬೇಕು. ನನ್ನ ಮಗ ಜೂನಿನಲ್ಲಿ ಬರೆದು ಬಂದು "ಇವತ್ತು ಬಂತು ಕಣಪ್ಪ" ಅಂದ. ಗಣಿತದಲ್ಲಿ 42 ಬಂತು. ಇವತ್ತು ಇಲ್ಲಿ 600ರ ಮೇಲೆ ತೆಗೆದು ಬಹುಮಾನ ತಗೊಳ್ಳೋ ಮಕ್ಕಳ ಮುಂದೆ 42 ಏನು ದೊಡ್ಡದು ಅನ್ನಬಹುದು. ನಮ್ಮ ಮನೆಯಲ್ಲಿ ಅವತ್ತು ಹೋಳಿಗೆ ಮಾಡಿದ್ದೆವು. ಈಗ ಐಟಿಐ ಎರಡು ವರ್ಷ ಮುಗಿಸಿದ್ದಾನೆ. ನಮ್ಮ ಡೈರಿಯ ಹಾಲು ತಣ್ಣಗೆ ಮಾಡೋ ಯಂತ್ರ ಕೆಟ್ಟಾಗ ಮೆಕ್ಯಾನಿಕ್ ಬರೋ ಮುಂಚೆ ಅವನೇ ಬಂದು ವೈರಿಂಗ್ ನೋಡಿದ್ದನ್ನು ಸದಸ್ಯರು ನೋಡಿದ್ದೀರಿ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಒಂದು ಪರೀಕ್ಷೆ ಹೋದರೆ ಎಲ್ಲ ಮುಗಿಯಿತು ಅನ್ನೋ ಮಾತು ಮನೆಯಲ್ಲಿ ಆಡಬೇಡಿ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಮಾಡಿದ್ದೇ ಮಕ್ಕಳಿಗೆ ಇನ್ನೊಂದು ಅವಕಾಶ ಸಿಗಲಿ ಅಂತ. "ಪಕ್ಕದ ಮನೆಯವರ ಮಗಳನ್ನು ನೋಡು" ಅನ್ನೋದನ್ನು ಬಿಡಿ. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಯಾರ ಜೊತೆಯೂ ಸೇರದೆ ಒಂದೇ ಕಡೆ ಕೂತರೆ, ಹಸು ಮೆಲುಕು ಬಿಟ್ಟಾಗ ಎಷ್ಟು ಗಾಬರಿಯಾಗ್ತೀವೋ ಅಷ್ಟಾದರೂ ಗಾಬರಿಯಾಗಬೇಕು. 14416 ಅಂತ ಒಂದು ನಂಬರಿದೆ, ಟೆಲಿ ಮಾನಸ್ ಅಂತಾರೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿಯೂ ಸಿಗುತ್ತಾರೆ. ಹುಚ್ಚು ಅಂತ ಯಾರೂ ತಿಳಿಯೋದಿಲ್ಲ. ಆವತ್ತು ಕೆರೆ ಏರಿ ಮೇಲೆ ಓಡಾಡುವಾಗ ನನಗೆ ಈ ನಂಬರು ಗೊತ್ತಿರಲಿಲ್ಲ. ಡೈರಿಯ ಗೋಡೆ ಮೇಲೆ ಪಶು ಆಸ್ಪತ್ರೆಯ ನಂಬರು ಬರೆಸಿದ್ದೀವಿ, ಅದರ ಕೆಳಗೆ ಇದನ್ನೂ ಬರೆಸಿ ಅಂತ ಕಾರ್ಯದರ್ಶಿಗಳಿಗೆ ಹೇಳಿದ್ದೀನಿ.

ಕೊನೆಯದಾಗಿ ಸಂಘದ ಕಡೆಯಿಂದ. ಇಪ್ಪತ್ತೈದು ವರ್ಷದಲ್ಲಿ ನಮ್ಮ ಡೈರಿ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಬಾಗಿಲು ತೆಗೆಯೋದು ತಪ್ಪಿಲ್ಲ. ಕೊರೊನಾ ಲಾಕ್‌ಡೌನಿನಲ್ಲೂ ತಪ್ಪಲಿಲ್ಲ. ಹೊತ್ತು ತಪ್ಪಿದರೆ ಹಾಲು ಒಡೆಯುತ್ತೆ ಅಂತ ಎಲ್ಲರಿಗೂ ಗೊತ್ತಿರೋದರಿಂದ ಯಾರೂ ಹೇಳಿಸಿಕೊಳ್ಳದೆ ಬರ್ತೀರಿ. ಹಾಗೆಯೇ ಆಡಳಿತ ಮಂಡಳಿ ಒಪ್ಪಿರೋ ಎರಡು ವಿಷಯ ಹೇಳ್ತೀನಿ. ಶಾಲೆ ಕಾಲೇಜಿಗೆ ಹೋಗೋ ಮಕ್ಕಳು ಹಾಲು ತಂದರೆ ಸಾಲಿನಲ್ಲಿ ನಿಲ್ಲಿಸದೆ ಅವರದ್ದು ಮೊದಲು ತಗೊಳ್ಳೋದು. ಹಿರಿಯರು ಇದಕ್ಕೆ ಗೊಣಗಬಾರದು. ಹಾಗಂತ ಸಾಲು ತಪ್ಪಿಸಿಕೊಳ್ಳೋಕೆ ಮಕ್ಕಳ ಕೈಲೇ ಕ್ಯಾನು ಕೊಟ್ಟು ಕಳಿಸಲೂ ಬಾರದು, ನಮ್ಮ ಜನರ ಬುದ್ಧಿ ನನಗೆ ಗೊತ್ತು. ಎರಡನೆಯದು, ಸಂಘದ ಮಹಡಿ ಮೇಲಿನ ಸಭಾ ಕೋಣೆ ತಿಂಗಳಿಗೆ ಒಂದು ದಿನ ಮಾತ್ರ ಉಪಯೋಗವಾಗುತ್ತೆ. ಅದನ್ನು ಬರುವ ಸೋಮವಾರದಿಂದ ದಿನಾ ಸಂಜೆ ಆರೂವರೆಯಿಂದ ಎಂಟೂವರೆವರೆಗೆ ಮಕ್ಕಳ ಓದಿಗೆ ತೆಗೆಯುತ್ತೇವೆ. ದೀಪ, ಫ್ಯಾನು, ಕುಡಿಯೋ ನೀರು ಸಂಘದ್ದು. ಒಬ್ಬೊಬ್ಬ ನಿರ್ದೇಶಕರು ಒಂದೊಂದು ದಿನ ಬಂದು ಕೂರಬೇಕು ಅಂತ ಪಾಳಿ ಹಾಕಿದ್ದೇವೆ. ಹೆಣ್ಣುಮಕ್ಕಳನ್ನು ಮನೆಯವರೆಗೆ ಬಿಟ್ಟು ಬರೋದು ಅವತ್ತಿನ ಪಾಳಿಯವರ ಜವಾಬ್ದಾರಿ. ಸೋಮವಾರ ನನ್ನದು.

ಇನ್ನೊಂದು ಮಾತು ಹಬ್ಬದ ಸಮಿತಿಯವರಿಗೆ. ನಮ್ಮೂರ ಜಾತ್ರೆ ಪರೀಕ್ಷೆ ಕಾಲಕ್ಕೇ ಬರುತ್ತೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೈಕು ಹಾಕಬಾರದು ಅನ್ನೋ ನಿಯಮ 2000ದಿಂದಲೇ ಇದೆ, ನಮ್ಮ ಸಂಘದಷ್ಟೇ ವಯಸ್ಸು ಅದಕ್ಕೂ. ದೇವರಿಗೆ ಮೈಕು ಇಲ್ಲದೆಯೂ ಕೇಳಿಸುತ್ತೆ. ಇದನ್ನು ಸಮಿತಿಯಲ್ಲಿ ಕೂತು ಮಾತಾಡೋಣ, ಇಲ್ಲಿ ಬೇಡ.

ಹೆಚ್ಚು ಹೊತ್ತು ತೆಗೆದುಕೊಂಡೆ. ಆಗಲೇ ಐದೂವರೆ ಆಯಿತು, ಹಿಂದಿನ ಸಾಲಿನ ತಾಯಂದಿರು ಹಾಲು ಕರೆಯೋ ಹೊತ್ತಾಯಿತು ಅಂತ ಏಳ್ತಿದ್ದಾರೆ. ಬಹುಮಾನ ವಿತರಣೆ ಬೇಗ ಶುರು ಮಾಡಲಿ ಅಂತ ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.